ಹಕ್ಕಿಗೆ ಸಾಕ್ಷಿಗಳಿದ್ದರು, ತೊರಕೆಗೆ ಇರಲಿಲ್ಲ

ಹಕ್ಕಿಗೂ ಮೀನಿಗೂ ಎಲ್ಲಿಯ ಹೋಲಿಕೆ ಮಾರಾಯ್ರೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂದು ಐಸ್‌ಲ್ಯಾಂಡಿನ ಚಳಿಗಾಳಿಯಲ್ಲಿ ಕಲ್ಲುಬಂಡೆಯ ಮೇಲೆ ಮೊಟ್ಟೆಯಿಡುತ್ತಿದ್ದ, ಹಾರಲು ಬಾರದ ಕಡಲ ಹಕ್ಕಿ. ಇನ್ನೊಂದು ಜಾವಾ ದ್ವೀಪದ ಬೆಚ್ಚಗಿನ ಕಡಲಿನ ಒಂದು ಅಡಿ ಉದ್ದದ ಮೀನು. ಒಂದರ ನೀರಿಗೆ ಇನ್ನೊಂದು ಇಳಿದದ್ದೇ ಇಲ್ಲ. ಆದರೆ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇವತ್ತು ಎರಡರ ಹೆಸರಿನ ಮುಂದೆಯೂ ಒಂದೇ ಮಾತು: ನಿರ್ನಾಮವಾಗಿದೆ.

ಹಕ್ಕಿಯ ಹೆಸರು ಗ್ರೇಟ್ ಆಕ್. ಮೀನಿನ ಹೆಸರು ಜಾವಾ ಸ್ಟಿಂಗರೀ. ಈ ಎರಡನೆಯದನ್ನು 2023ರ ಡಿಸೆಂಬರಿನಲ್ಲಿ ನಿರ್ನಾಮವಾದ ಪ್ರಾಣಿ ಎಂದು ಘೋಷಿಸಿದರು. ಮನುಷ್ಯರ ಕೈಯಿಂದ ಅಳಿದುಹೋಯಿತೆಂದು ದಾಖಲಾದ ಮೊದಲ ಕಡಲ ಮೀನು ಇದೇ. ದುಬೈಯಲ್ಲಿ ಹವಾಮಾನ ಸಮ್ಮೇಳನ ನಡೆಯುತ್ತಿದ್ದ ಹೊತ್ತಿನಲ್ಲಿ ಬಂದ ಸುದ್ದಿ ಅದು, ಬಂದಷ್ಟೇ ಬೇಗ ಹೋಯಿತು. ನನಗೆ ಮಾತ್ರ ಅದು ತಲೆಯೊಳಗೆ ಕೂತುಬಿಟ್ಟಿತು. ಯಾಕೆಂದರೆ ಗ್ರೇಟ್ ಆಕ್‌ನ ಕಥೆ ಮೊದಲೇ ಓದಿದ್ದೆ. ಕೊನೆಯ ಜೋಡಿಯನ್ನು ಕೊಂದವರ ಹೆಸರು ಗೊತ್ತು, ದೋಣಿಯಲ್ಲಿ ಎಷ್ಟು ಜನ ಇದ್ದರೆಂಬುದು ಗೊತ್ತು, ಎಷ್ಟು ದುಡ್ಡಿಗೆ ಮಾರಿದರೆಂಬುದೂ ಗೊತ್ತು. ತೊರಕೆಯ ವಿಷಯದಲ್ಲಿ? ಏನೂ ಇಲ್ಲ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಹಕ್ಕಿಗೆ ಪೂರ್ತಿ ಲಾಗ್ ಫೈಲ್ ಇದೆ, ಮೀನಿಗೆ ಇರುವುದು ಟೇಬಲ್ಲಿನಲ್ಲಿ ಒಂದೇ ಒಂದು ರೋ.

ಆ ಒಂದು ರೋ ಹೀಗಿದೆ. ದಿನ: ಜುಲೈ 1862. ಸ್ಥಳ: ಬಟಾವಿಯಾದ (ಇವತ್ತಿನ ಜಕಾರ್ತ) ಮೀನು ಮಾರುಕಟ್ಟೆ. ಎತ್ತಿಕೊಂಡವರು: ಎಡುವಾರ್ಡ್ ಫಾನ್ ಮಾರ್ಟೆನ್ಸ್, ಜರ್ಮನ್ ಪ್ರಾಣಿಶಾಸ್ತ್ರಜ್ಞ. ಹೆಣ್ಣು. ಉದ್ದ 33 ಸೆಂಟಿಮೀಟರ್. ಅಷ್ಟೇ!

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಇಂಗ್ಲಿಷಿನವರು 'ರೇ' ಅನ್ನುವ ಮೀನಿಗೆ ನಮ್ಮ ಕರಾವಳಿಯಲ್ಲಿ ತೊರಕೆ ಅನ್ನುತ್ತಾರೆ. ತಟ್ಟೆಯ ಹಾಗೆ ಚಪ್ಪಟೆ ಮೈ, ಹಿಂದೆ ಬಾಲ, ಕೆಲವು ಜಾತಿಗಳ ಬಾಲದಲ್ಲಿ ವಿಷದ ಮುಳ್ಳು. ಶಾರ್ಕಿನ ದಾಯಾದಿ, ಮೈಯಲ್ಲಿ ಗಟ್ಟಿ ಮೂಳೆ ಇಲ್ಲ. ಸ್ಟಿಂಗರೀ ಎಂಬುದು ತೊರಕೆಗಳದ್ದೇ ಒಂದು ಸಣ್ಣ ಕುಟುಂಬ. ಮಾಮೂಲು ಮುಳ್ಳು ತೊರಕೆಯ ಬಾಲ ಚಾಟಿಯ ಹಾಗೆ ಸಪೂರ ಆಗುತ್ತಾ ಹೋದರೆ, ಇದರ ಬಾಲದ ತುದಿಯಲ್ಲಿ ಎಲೆಯಾಕಾರದ ಸಣ್ಣ ರೆಕ್ಕೆ ಇರುತ್ತದೆ. ಈ ಕುಟುಂಬದ ಹೆಚ್ಚಿನ ಜಾತಿಗಳು ಇರುವುದು ಆಸ್ಟ್ರೇಲಿಯಾದ ಸುತ್ತಮುತ್ತ. ಜಾವಾದ್ದು ಹೇಗೋ ಅಷ್ಟು ದೂರದಲ್ಲಿ ಒಂಟಿಯಾಗಿತ್ತು.

ಮಾರ್ಟೆನ್ಸ್ ಬಂದದ್ದು ಪ್ರಷ್ಯಾ ಸರ್ಕಾರ ಜಪಾನ್, ಚೀನಾ, ಸಯಾಂ ದೇಶಗಳ ಜೊತೆ ವ್ಯಾಪಾರದ ಒಪ್ಪಂದ ಮಾಡಿಕೊಳ್ಳಲು ಕಳಿಸಿದ ನೌಕಾಯಾತ್ರೆಯ ಜೊತೆಗೆ. ಆತ ಹೆಸರು ಮಾಡಿದ್ದು ಮೀನಿನಲ್ಲಲ್ಲ, ಚಿಪ್ಪು-ಬಸವನಹುಳುಗಳಲ್ಲಿ. ಆದರೂ ಮೀನಿನ ಬುಟ್ಟಿಗಳ ನಡುವೆ ಬೇರೆ ಥರ ಕಂಡ ಒಂದನ್ನು ತೆಗೆದಿಟ್ಟುಕೊಂಡ. 1864ರಲ್ಲಿ ಅದಕ್ಕೆ ಹೆಸರಿಟ್ಟ. ಮೀನು ಬರ್ಲಿನ್ ಮ್ಯೂಸಿಯಮ್ಮಿಗೆ ಹೋಯಿತು, ಈಗಲೂ ಅಲ್ಲೇ ಇದೆ.

ಇಲ್ಲಿ ಒಂದು ಸ್ವಾರಸ್ಯ ನೋಡಿ. ಇದೇ ಬಟಾವಿಯಾದಲ್ಲಿ ಮಾರ್ಟೆನ್ಸ್‌ಗಿಂತ ಮುಂಚೆ ಪೀಟರ್ ಬ್ಲೀಕರ್ ಎಂಬ ಡಚ್ ಸೇನಾ ವೈದ್ಯ ಇದ್ದ. 1842ರಿಂದ 1860ರವರೆಗೆ ಡಚ್ ಈಸ್ಟ್ ಇಂಡೀಸಿನಲ್ಲಿ ಕೆಲಸ. ಮೀನಿನ ಹುಚ್ಚು ಎಂದರೆ ಎಂಥಾ ಹುಚ್ಚು! ಬೆಸ್ತರಿಂದ, ಮಾರುಕಟ್ಟೆಯಿಂದ ಮೀನು ಸಂಗ್ರಹಿಸಿ ಸುಮಾರು 2000 ಹೊಸ ಜಾತಿಗಳನ್ನು ಒಬ್ಬನೇ ವರ್ಣಿಸಿದ ಮನುಷ್ಯ. ಅಂಥವನಿಗೆ ಸಿಗದ ತೊರಕೆ, ಅವನು ಊರು ಬಿಟ್ಟ ಎರಡೇ ವರ್ಷಕ್ಕೆ ಚಿಪ್ಪಿನ ತಜ್ಞನೊಬ್ಬನ ಕಣ್ಣಿಗೆ ಬಿತ್ತು. ಹದಿನೆಂಟು ವರ್ಷ ಬ್ಲೀಕರ್ ಕಣ್ಣು ತಪ್ಪಿಸಿಕೊಂಡಿತೆಂದರೆ ಆಗಲೇ ಅದು ವಿರಳವಾಗಿತ್ತು ಅಥವಾ ತೀರಾ ಸಣ್ಣ ಜಾಗದಲ್ಲಷ್ಟೇ ಇತ್ತು ಅಂತ ನನ್ನ ಊಹೆ. ನಾವು ಆ ಜಾತಿಯನ್ನು ಮೊದಲ ಸಲ ಕಂಡದ್ದೂ ಕೊನೆಯ ಸಲ ಕಂಡದ್ದೂ ಒಂದೇ ದಿನ.

ಈಗ ಹಕ್ಕಿಯ ಕಡೆ ಬರೋಣ. ಇಲ್ಲಿ ಹೇಳಲು ಎಷ್ಟೊಂದಿದೆ ಅಂದರೆ ಎಲ್ಲಿಂದ ಶುರು ಮಾಡುವುದು ಎಂಬುದೇ ತೊಂದರೆ.

ಗ್ರೇಟ್ ಆಕ್ ಸುಮಾರು 80 ಸೆಂಟಿಮೀಟರ್ ಎತ್ತರದ, ಐದು ಕಿಲೋ ತೂಗುವ ಕಪ್ಪು-ಬಿಳುಪು ಹಕ್ಕಿ. ಚಿತ್ರ ನೋಡಿದರೆ ನೀವು ಪೆಂಗ್ವಿನ್ ಅನ್ನುತ್ತೀರಿ. ತಪ್ಪೇನಿಲ್ಲ, ಪೆಂಗ್ವಿನ್ ಎಂಬ ಹೆಸರು ಮೊದಲು ಇದ್ದದ್ದೇ ಇದಕ್ಕೆ! ದಕ್ಷಿಣ ಗೋಳಕ್ಕೆ ಹೋದ ನಾವಿಕರು ಅಲ್ಲಿಯ ಹಕ್ಕಿಗಳನ್ನು ನೋಡಿ 'ಓ, ನಮ್ಮ ಪೆಂಗ್ವಿನ್ನೇ' ಅಂದುಕೊಂಡು ಅದೇ ಹೆಸರಿಟ್ಟರು. ಅಸಲಿ ಹೋಯಿತು, ಹೆಸರು ಇನ್ನೊಬ್ಬರ ಪಾಲಾಯಿತು. ನೀರಿನಲ್ಲಿ ಮಹಾ ಈಜುಗಾರ, ನೆಲದ ಮೇಲೆ ಪಾಪದ ಪ್ರಾಣಿ. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ಬಂಡೆಯ ಮೇಲೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಾಚೆ ಫಂಕ್ ಐಲ್ಯಾಂಡ್ ಎಂಬ ಸಣ್ಣ ದ್ವೀಪವಿದೆ. 1534ರಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇ ಅಲ್ಲಿಗೆ ಬಂದಾಗ ಅರ್ಧ ಗಂಟೆಯೊಳಗೆ ಅವನ ಜನ ಎರಡು ದೋಣಿ ತುಂಬಾ ಈ ಹಕ್ಕಿಗಳನ್ನು ತುಂಬಿಕೊಂಡರು. ಅಟ್ಲಾಂಟಿಕ್ ದಾಟಿ ಹಸಿದು ಬರುವ ಮೀನುಗಾರರಿಗೆ ಇದು ನಡೆದುಕೊಂಡು ಬರುವ ಊಟ. ಹೊಟ್ಟೆಪಾಡಿಗೆ ಕೊಂದದ್ದು ಒಂದು ಬಗೆ. 18ನೇ ಶತಮಾನದಲ್ಲಿ ಹಾಸಿಗೆ-ದಿಂಬಿನ ಪುಕ್ಕಕ್ಕಾಗಿ ಕೊಲ್ಲಲು ಶುರುವಾಯಿತಲ್ಲ, ಅದು ಇನ್ನೊಂದು ಬಗೆ. ಬೇಸಿಗೆ ಪೂರ್ತಿ ಜನ ದ್ವೀಪದಲ್ಲೇ ಬೀಡುಬಿಟ್ಟರು. ಕೊಂದು, ಬಿಸಿ ನೀರಿನಲ್ಲಿ ಅದ್ದಿ, ಪುಕ್ಕ ಕಿತ್ತು, ಹೆಣ ಎಸೆಯುವುದು. ದ್ವೀಪದಲ್ಲಿ ಮರವಿಲ್ಲ, ಸೌದೆಯಿಲ್ಲ. ಹಾಗಾಗಿ ನೀರು ಕಾಯಿಸಲು ಉರಿಸಿದ್ದು ಕೊಬ್ಬು ತುಂಬಿದ ಇದೇ ಹಕ್ಕಿಗಳನ್ನು. ಓದುವಾಗ ಹೊಟ್ಟೆ ತೊಳಸಿದ ಹಾಗಾಯಿತು.

1785ರಲ್ಲೇ ಜಾರ್ಜ್ ಕಾರ್ಟ್‌ರೈಟ್ ಎಂಬ ಇಂಗ್ಲಿಷ್ ವ್ಯಾಪಾರಿ ತನ್ನ ದಿನಚರಿಯಲ್ಲಿ, ಇದನ್ನು ಬೇಗ ನಿಲ್ಲಿಸದಿದ್ದರೆ ಈ ಸಂತತಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ ಎಂಬ ಅರ್ಥದಲ್ಲಿ ಬರೆದಿಟ್ಟ. ನೋಡಿ, ಹಕ್ಕಿ ಇನ್ನೂ ಬದುಕಿರುವಾಗಲೇ ಒಬ್ಬ ಸಾಕ್ಷಿ! 1800ರ ಹೊತ್ತಿಗೆ ಫಂಕ್ ಐಲ್ಯಾಂಡ್ ಖಾಲಿ. ಕೊಳೆತ ಹೆಣಗಳಿಂದಲೇ ಅಲ್ಲಿ ಮಣ್ಣಾಯಿತು, ಮಣ್ಣಿನಲ್ಲಿ ಹುಲ್ಲು ಬಂತು, ಹುಲ್ಲಿನಲ್ಲಿ ಪಫಿನ್ ಹಕ್ಕಿಗಳು ಬಿಲ ತೋಡಿದವು. ಅವು ತೋಡುವಾಗ ಮೇಲೆ ಬರುವುದು ಗ್ರೇಟ್ ಆಕ್‌ನ ಮೂಳೆಗಳು.

ಅಟ್ಲಾಂಟಿಕ್‌ನ ಈಚೆ ಕಡೆ ಕಥೆ ಇನ್ನೂ ಸ್ವಲ್ಪ ದಿನ ನಡೆಯಿತು. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾದಲ್ಲಿ ಸುಮಾರು 1840ರಲ್ಲಿ ಒಂದನ್ನು ಹಿಡಿದವರು ಮೂರು ದಿನ ಇಟ್ಟುಕೊಂಡಿದ್ದರಂತೆ. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಇದು ಮಾಟಗಾತಿಯೇ ಸೈ ಅಂತ ಹೊಡೆದು ಕೊಂದರು. ಐಸ್‌ಲ್ಯಾಂಡಿನ ತೆಂಕಣ-ಪಡುವಣ ಮೂಲೆಯಾಚೆ ಗೇರ್‌ಫುಗ್ಲಸ್ಕೇರ್ ಎಂಬ ಬಂಡೆ ಇತ್ತು, ಅದರ ಹೆಸರಿನ ಅರ್ಥವೇ ಗ್ರೇಟ್ ಆಕ್ ಬಂಡೆ. ದೋಣಿಗಳು ಸುಲಭವಾಗಿ ಮುಟ್ಟಲಾಗದ ಜಾಗ. 1830ರಲ್ಲಿ ಜ್ವಾಲಾಮುಖಿಯ ಅವಾಂತರದಲ್ಲಿ ಅದು ಮುಳುಗಿಯೇ ಹೋಯಿತು. ಉಳಿದ ಹಕ್ಕಿಗಳು ದಡಕ್ಕೆ ಹತ್ತಿರದ ಎಲ್ಡೇ ಎಂಬ ಬಂಡೆಗೆ ಬಂದವು. ಅಲ್ಲಿಗೆ ಮನುಷ್ಯರೂ ಬರಬಹುದಿತ್ತು.

ಅಷ್ಟು ಹೊತ್ತಿಗೆ ಪುಕ್ಕದ ವ್ಯಾಪಾರ ಮುಗಿದಿತ್ತು. ಈಗ ಗಿರಾಕಿಗಳು ಮ್ಯೂಸಿಯಮ್ಮಿನವರು ಮತ್ತು ಶ್ರೀಮಂತ ಸಂಗ್ರಾಹಕರು. ಹಕ್ಕಿ ವಿರಳವಾದಷ್ಟೂ ಅದರ ಬೆಲೆ ಏರಿತು, ಬೆಲೆ ಏರಿದಷ್ಟೂ ಹಕ್ಕಿ ವಿರಳವಾಯಿತು. ವಿಜ್ಞಾನದ ಹೆಸರಿನಲ್ಲಿ ನಡೆದದ್ದು ಎಂಬ ಕಾರಣಕ್ಕೆ ಇದನ್ನು ಮೆದುವಾಗಿ ಹೇಳುವವರಿದ್ದಾರೆ. ನನಗಂತೂ ದಿಂಬಿನ ವ್ಯಾಪಾರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

1844ರ ಜೂನ್ ತಿಂಗಳ ಮೊದಲ ವಾರ. ವಿಲ್ಹ್ಯಾಲ್ಮುರ್ ಹಾಕೊನಾರ್ಸನ್ ಎಂಬವನ ಮುಂದಾಳತ್ವದಲ್ಲಿ 14 ಜನ ಎಲ್ಡೇಗೆ ಹುಟ್ಟು ಹಾಕಿಕೊಂಡು ಹೋದರು. ಬಂಡೆ ಹತ್ತಿದವರು ಯೋನ್ ಬ್ರಾಂಡ್ಸನ್, ಸಿಗುರ್ದುರ್ ಈಸ್ಲೆಫ್ಸನ್, ಕೆಟಿಲ್ ಕೆಟಿಲ್ಸನ್. ಎರಡು ಹಕ್ಕಿಗಳು ಎದ್ದು, ಪುಟ್ಟ ರೆಕ್ಕೆಗಳನ್ನು ಚಾಚಿಕೊಂಡು ನೀರಿನ ಕಡೆ ಓಡಿದವು. ಕೂಗಲಿಲ್ಲ. ಒಂದನ್ನು ಯೋನ್ ಮೂಲೆಗೆ ಅಟ್ಟಿ ಹಿಡಿದ, ಇನ್ನೊಂದನ್ನು ಸಿಗುರ್ದುರ್ ಬಂಡೆಯ ಅಂಚಿನಲ್ಲಿ ಹಿಡಿದ. ಕತ್ತು ಹಿಸುಕಿ ದೋಣಿಗೆ ಹಾಕಿದರು. ಕೆಟಿಲ್‌ಗೆ ಕಂಡದ್ದು ಒಂದು ಮೊಟ್ಟೆ. ಎತ್ತಿ ನೋಡಿದ, ಒಡೆದಿತ್ತು, ಅಲ್ಲೇ ಇಟ್ಟ. (ಬೂಟುಗಾಲಿನಿಂದ ಮೊಟ್ಟೆ ತುಳಿದು ಪುಡಿ ಮಾಡಿದ ಎಂಬ ಕಥೆ ಬಹಳ ಕಡೆ ಸಿಗುತ್ತದೆ. ಮೊದಲ ವರದಿಯಲ್ಲಿ ಇರುವುದು ಇಷ್ಟೇ.) ಹಕ್ಕಿಗಳು 80 ರಿಗ್ಸ್‌ಬ್ಯಾಂಕ್ ಡಾಲರಿಗೆ, ಅಂದರೆ ಸುಮಾರು 9 ಪೌಂಡಿಗೆ ಮಾರಾಟವಾದವು.

ಆ ಮೂವರಿಗೆ ಅದು ಕೊನೆಯ ಜೋಡಿ ಅಂತ ಗೊತ್ತಿರಲಿಲ್ಲ. ಅವರಿಗದು ಒಂದು ದಿನದ ಕೂಲಿ. 1852ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಒಂಟಿ ಹಕ್ಕಿಯೊಂದು ಕಂಡಿತೆಂಬ ವರದಿಯೂ ಇದೆ, ಐಯುಸಿಎನ್ ಅದನ್ನು ಒಪ್ಪುತ್ತದೆ. ಆದರೆ ಮೊಟ್ಟೆಯಿಟ್ಟು ಸಂಸಾರ ಹೂಡಿದ್ದ ಜೋಡಿ ಮತ್ತೆಲ್ಲೂ ಕಾಣಲಿಲ್ಲ.

ಇಷ್ಟೆಲ್ಲ ನಮಗೆ ಹೇಗೆ ಗೊತ್ತಾಯಿತು? 14 ವರ್ಷ ಕಳೆದು ಇಬ್ಬರು ಇಂಗ್ಲಿಷರು ಹೋಗಿ ಕೇಳಿದ್ದರಿಂದ. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಸಂಗತಿ ಅದೇ.

ಜಾನ್ ವೂಲಿ ಮತ್ತು ಆಲ್ಫ್ರೆಡ್ ನ್ಯೂಟನ್ (ಸೇಬಿನ ನ್ಯೂಟನ್ ಅಲ್ಲ :) ) 1858ರಲ್ಲಿ ಐಸ್‌ಲ್ಯಾಂಡಿಗೆ ಹೋದರು. ಹೋದದ್ದು ಹಕ್ಕಿ ಹುಡುಕಲು, ಸಿಕ್ಕಿದರೆ ಮೊಟ್ಟೆ ಸಂಪಾದಿಸಲು. ಅವರೂ ಸಂಗ್ರಾಹಕರೇ, ಸಂತರೇನಲ್ಲ. ಎಲ್ಡೇ ಎದುರಿನ ದಡದಲ್ಲಿ ಸುಮಾರು ಎರಡು ತಿಂಗಳು ಕಾದರು. ಸಮುದ್ರ ಒಂದು ದಿನವೂ ಬಂಡೆ ಮುಟ್ಟಲು ಬಿಡಲಿಲ್ಲ. ಕೂತಲ್ಲೇ ಇನ್ನೇನು ಮಾಡುವುದು? ಊರಿನ ದೋಣಿಯವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಯಾವ ವರ್ಷ, ಎಷ್ಟು ಹಕ್ಕಿ, ಯಾರು ಹಿಡಿದದ್ದು, ಯಾರಿಗೆ ಮಾರಿದ್ದು. ವೂಲಿ ಎಲ್ಲವನ್ನೂ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡ. ಮುಂದಿನ ವರ್ಷವೇ ಅವನು ತೀರಿಕೊಂಡ. ನ್ಯೂಟನ್ 1861ರಲ್ಲಿ ಅದರ ಸಾರವನ್ನು ಪ್ರಕಟಿಸಿದ.

ಇವರು ಅಲ್ಲಿ ಕಾಯುತ್ತಿದ್ದಾಗಲೇ, 1858ರ ಜುಲೈ 1ರಂದು, ಲಂಡನ್ನಿನಲ್ಲಿ ಡಾರ್ವಿನ್ ಮತ್ತು ವ್ಯಾಲೇಸ್ ಅವರ ಪ್ರಬಂಧಗಳನ್ನು ಓದಲಾಯಿತು. ಜೀವಜಾತಿಗಳು ಹೇಗೆ ಹುಟ್ಟುತ್ತವೆ ಎಂಬ ಮಾತು ಅಲ್ಲಿ. ಜೀವಜಾತಿಯೊಂದು ಹೇಗೆ ಸಾಯುತ್ತದೆ ಎಂಬ ವಿಚಾರಣೆ ಇಲ್ಲಿ. ಅಲ್ಲಿಯವರೆಗೆ ನಿರ್ನಾಮವೆಂದರೆ ಜನರ ಮನಸ್ಸಿನಲ್ಲಿ ಬರುತ್ತಿದ್ದದ್ದು ಭೂಗರ್ಭದ ಹಳೆಯ ಪ್ರಾಣಿಗಳು, ಇಲ್ಲವೇ ಡೋಡೋದಂಥ ದೂರದ ದ್ವೀಪದ ಕಥೆ. ನ್ಯೂಟನ್ ವಾಪಸು ಬಂದದ್ದು ಇನ್ನೊಂದು ಅರಿವಿನೊಂದಿಗೆ: ಇದು ನಮ್ಮ ಕಾಲದಲ್ಲಿ, ನಮ್ಮ ಕೈಯಿಂದ ನಡೆಯುವ ಕೆಲಸ, ಆದ್ದರಿಂದ ತಡೆಯಲೂ ಬರುತ್ತದೆ. 1866ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆದ. 1868ರಲ್ಲಿ ನಾರ್ವಿಚ್ ಪಟ್ಟಣದ ವಿಜ್ಞಾನ ಸಮಾವೇಶದಲ್ಲಿ, ಗೂಡು ಕಟ್ಟುವ ಕಾಲದಲ್ಲಿ ಕಡಲ ಹಕ್ಕಿಗಳನ್ನು ಕೊಲ್ಲುವುದನ್ನು ನಿಲ್ಲಿಸಿ ಎಂದು ವಾದಿಸಿದ. ಆಗ ಯಾರ್ಕ್‌ಷೈರಿನ ಫ್ಲಾಂಬರೊ ಹೆಡ್ ಎಂಬಲ್ಲಿ ಮೋಜಿಗೂ ಹೆಂಗಸರ ಹ್ಯಾಟಿನ ಪುಕ್ಕಕ್ಕೂ ಸಾವಿರಗಟ್ಟಲೆ ಹಕ್ಕಿಗಳನ್ನು ಹೊಡೆಯುತ್ತಿದ್ದರು. ಮರುವರ್ಷ, 1869ರಲ್ಲಿ, ಬ್ರಿಟನ್ನಿನಲ್ಲಿ ಕಡಲ ಹಕ್ಕಿಗಳ ರಕ್ಷಣೆಗೆ ಕಾನೂನು ಬಂತು. ಗ್ರೇಟ್ ಆಕ್‌ಗೆ ತಡವಾಯಿತು, ಉಳಿದವಕ್ಕೆ ಆಗಲಿಲ್ಲ.

ಈಗ ಅದೇ ಬ್ರಿಟನ್, ಅದೇ ವರ್ಷಗಳು, ಮೀನಿನ ಕಥೆ ಕೇಳಿ. 1863ರಲ್ಲಿ ಒಂದು ರಾಯಲ್ ಕಮಿಷನ್ ನೇಮಕವಾಯಿತು. ಬಲೆ ಎಳೆಯುವ ಟ್ರಾಲರುಗಳು ಕಡಲ ತಳವನ್ನೇ ಗುಡಿಸಿ ಹಾಕುತ್ತಿವೆ ಎಂದು ಸಣ್ಣ ಮೀನುಗಾರರು ದೂರು ಕೊಟ್ಟಿದ್ದರು. ಕಮಿಷನ್ನಿನಲ್ಲಿ ಥಾಮಸ್ ಹಕ್ಸ್ಲಿ ಇದ್ದ, ಡಾರ್ವಿನ್ನನ ಬಲಗೈ ಬಂಟ. 1866ರ ವರದಿ ಹೇಳಿದ್ದು, ತೆರೆದ ಸಮುದ್ರದ ಮೀನುಗಾರಿಕೆಗೆ ಇರುವ ನಿರ್ಬಂಧಗಳನ್ನೆಲ್ಲ ತೆಗೆದುಹಾಕಿ ಅಂತ. 1868ರಲ್ಲಿ ತೆಗೆದೂ ಹಾಕಿದರು. ನ್ಯೂಟನ್ ನಾರ್ವಿಚ್‌ನಲ್ಲಿ ಹಕ್ಕಿಗಳ ಪರ ಮಾತಾಡಿದ ಅದೇ ವರ್ಷ! 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಹಕ್ಸ್ಲಿ, ಕಾಡ್, ಹೆರಿಂಗ್‌ನಂಥ ದೊಡ್ಡ ಕಡಲ ಮೀನುಗಾರಿಕೆಗಳು ಪ್ರಾಯಶಃ ಬರಿದಾಗಲಾರವು ಎಂದೂ ಹೇಳಿದ. ಸಿಂಪಿ, ಸಾಲ್ಮನ್ ವಿಷಯದಲ್ಲಿ ಅವನು ಎಚ್ಚರಿಕೆಯಿಂದಲೇ ಮಾತಾಡಿದ್ದ, ಆ ಮಾತನ್ನೂ ಸೇರಿಸಿ ಹೇಳುವುದು ನ್ಯಾಯ. ಆದರೂ ಒಂದೇ ಕಾಲದ, ಒಂದೇ ವಿಜ್ಞಾನದ ಇಬ್ಬರು ಬುದ್ಧಿವಂತರು ಹಕ್ಕಿಯನ್ನು ಎಣಿಸಬಹುದಾದ ಜೀವವೆಂದೂ ಮೀನನ್ನು ಮುಗಿಯದ ಫಸಲೆಂದೂ ನೋಡಿದ್ದು ಸಣ್ಣ ಸಂಗತಿಯಲ್ಲ. ಹಕ್ಕಿ ಬಂಡೆಯ ಮೇಲೆ ಕಣ್ಣೆದುರು ನಿಲ್ಲುತ್ತದೆ. ನಿನ್ನೆ ನೂರು ಇತ್ತು, ಇವತ್ತು ಹತ್ತು ಅಂತ ಯಾರಾದರೂ ಹೇಳಬಹುದು. ಮೀನು ಕಾಣುವುದು ಸತ್ತ ಮೇಲೆ, ಅದೂ ರಾಶಿಯಲ್ಲಿ.

ಜಾವಾದಲ್ಲಿ ಆದದ್ದೂ ಇದೇ. ಜಾವಾ ಕಡಲಿನ ತೀರದ ಮೀನು ಹಿಡುವಳಿ 1870ರ ದಶಕದಲ್ಲಾಗಲೇ ಇಳಿಯುತ್ತಿತ್ತು. ಮಾರ್ಟೆನ್ಸ್ ಮೀನು ಎತ್ತಿಕೊಂಡು ಹೋಗಿ ಹತ್ತು-ಹದಿನೈದು ವರ್ಷವಷ್ಟೇ. ಆಮೇಲೆ ಜಕಾರ್ತ ಕೊಲ್ಲಿಯ ಸುತ್ತ ಬಂದರು, ಕಾರ್ಖಾನೆ, ಕೋಟಿ ಜನರ ಊರು. ಆ ತೊರಕೆಯನ್ನು ಬೇಕೆಂದು ಯಾರೂ ಕೊಂದಿರಲಿಕ್ಕಿಲ್ಲ. ಯಾವುದೋ ಮೀನಿಗೆ ಹಾಕಿದ ಬಲೆಯಲ್ಲಿ ಬಂತು, ಬುಟ್ಟಿಗೆ ಬಿತ್ತು, ಸಂಜೆಯ ಸಾರಾಯಿತು. ಸ್ಟಿಂಗರೀ ಕುಟುಂಬದ ಬೇರೆ ಜಾತಿಗಳನ್ನು ನೋಡಿದರೆ ಇವು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತವೆ, ಒಂದು ಸಲಕ್ಕೆ ಬೆರಳೆಣಿಕೆಯಷ್ಟು. ಬಲೆಗೆ ಸಿಕ್ಕ ಬಸುರಿ ತೊರಕೆ ಗಾಬರಿಗೆ ದಿನ ತುಂಬದ ಮರಿಯನ್ನು ಹೊರಹಾಕುವುದೂ ಉಂಟು, ಮತ್ತೆ ನೀರಿಗೆ ಬಿಟ್ಟರೂ ಆ ಮರಿ ಉಳಿಯುವುದಿಲ್ಲ. ಕೆಟಿಲ್ ಎತ್ತಿ ನೋಡಿದ ಆ ಒಡೆದ ಮೊಟ್ಟೆಗೆ ಜಾವಾದಲ್ಲಿ ಸಾಟಿಯಾದದ್ದು ಎಷ್ಟು ಸಲ ನಡೆಯಿತೋ. ಬರೆದುಕೊಳ್ಳಲು ಅಲ್ಲಿ ವೂಲಿ ಇರಲಿಲ್ಲ.

ಹಾಗಿದ್ದರೆ ಇಲ್ಲ ಅಂತ ಹೇಳಿದ್ದು ಹೇಗೆ? ಟೆಸ್ಟಿಂಗ್ ಮಾಡುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಬಗ್ ಇದೆ ಅಂತ ತೋರಿಸಲು ಒಂದು ಸಲ ಕಂಡರೆ ಸಾಕು, ಇಲ್ಲ ಅಂತ ತೋರಿಸಲು ಎಷ್ಟು ಸಲ ಹುಡುಕಿದರೂ ಸಾಲದು. 2001ರಿಂದೀಚೆಗೆ ಇಂಡೋನೇಷ್ಯಾದ ಮೀನು ಇಳಿಸುವ ಕಟ್ಟೆಗಳಲ್ಲಿ, ಮಾರುಕಟ್ಟೆಗಳಲ್ಲಿ ಶಾರ್ಕ್ ಮತ್ತು ತೊರಕೆಗಳ ದೊಡ್ಡ ಸಮೀಕ್ಷೆಗಳು ನಡೆದವು. ಎಷ್ಟೋ ಜಾತಿಗಳು ದಾಖಲಾದವು, ಇದೊಂದು ಬರಲಿಲ್ಲ. ಕೊನೆಗೆ ಆಸ್ಟ್ರೇಲಿಯಾದ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ ಜೂಲಿಯಾ ಕಾನ್ಸ್ಟನ್ಸ್ ನೇತೃತ್ವದ ತಂಡ ಈ ಸಮೀಕ್ಷೆಗಳನ್ನೂ ಲೆಕ್ಕಾಚಾರದ ಮಾದರಿಗಳನ್ನೂ ಇಟ್ಟುಕೊಂಡು ತೀರ್ಮಾನಕ್ಕೆ ಬಂತು. ಹುಷಾರಾಗಿರಲು ಕಾರಣವೂ ಇತ್ತು. 1802ರಲ್ಲಿ ಟಾಸ್ಮೇನಿಯಾದಲ್ಲಿ ಒಮ್ಮೆ ಸಿಕ್ಕಿದ್ದ ಸ್ಮೂತ್ ಹ್ಯಾಂಡ್‌ಫಿಶ್ ಎಂಬ ಇನ್ನೊಂದು ಮೀನನ್ನು 2020ರಲ್ಲಿ ನಿರ್ನಾಮ ಎಂದು ಸಾರಿ, 2021ರಲ್ಲಿ 'ಸಾಕಷ್ಟು ಮಾಹಿತಿ ಇಲ್ಲ' ಎಂಬ ಪಟ್ಟಿಗೆ ವಾಪಸು ಹಾಕಿದ್ದರು. ಹಾಗಾಗಿ ಜಾವಾದ ತೊರಕೆ ಒಂದು ದಿನ ಯಾರದೋ ಬುಟ್ಟಿಯಲ್ಲಿ ಪ್ರತ್ಯಕ್ಷವಾದರೆ ಖುಷಿಪಡೋಣ. ನನಗೆ ನಂಬಿಕೆ ಇಲ್ಲ.

1844ಕ್ಕೂ 1862ಕ್ಕೂ ನಡುವೆ 18 ವರ್ಷ. ಹಕ್ಕಿ ಹೋಯಿತೆಂಬ ಅನುಮಾನಕ್ಕೆ 14 ವರ್ಷದೊಳಗೆ ವಿಚಾರಣೆಯಾಯಿತು. ಮೀನಿನದ್ದು ತೀರ್ಮಾನವಾಗಲು 161 ವರ್ಷ ಹಿಡಿಯಿತು, ಸಾಕ್ಷಿ ಹೇಳಬಹುದಾಗಿದ್ದ ಬೆಸ್ತರೆಲ್ಲ ಹೋಗಿ ತಲೆಮಾರುಗಳೇ ಕಳೆದ ಮೇಲೆ. ಮಂಗಳೂರು, ಮಲ್ಪೆಯ ಕಟ್ಟೆಗಳಲ್ಲಿ ತೊರಕೆ ಇಳಿಯುವುದನ್ನು ನೋಡಿದವರಿಗೆ ಗೊತ್ತು, ಸಣ್ಣವನ್ನೆಲ್ಲ 'ತೊರಕೆ' ಎಂಬ ಒಂದೇ ಹೆಸರಲ್ಲಿ ರಾಶಿ ಹಾಕುವುದೇ ಹೆಚ್ಚು. ಅದರಲ್ಲಿ ಎಷ್ಟು ಜಾತಿ ಇದೆ ಅಂತ ಬಿಡಿಸಿ ನೋಡುವವರು ಸಂಶೋಧಕರು ಮಾತ್ರ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಹಳೆಯ ಮೀನುಗಾರರಿದ್ದರೆ, ಮೊದಲು ಬರುತ್ತಿದ್ದು ಈಗ ಬರದೇ ಇರುವ ಮೀನು ಯಾವುದು ಅಂತ ಒಮ್ಮೆ ಕೇಳಿ, ಇಲ್ಲಿ ಬರೆಯಿರಿ. ಹೆಸರು ತುಳುವಿನಲ್ಲಿದ್ದರೂ ಕೊಂಕಣಿಯಲ್ಲಿದ್ದರೂ ಪರವಾಗಿಲ್ಲ.

ಹಕ್ಕಿಯ ಕಥೆಗೆ ಆಮೇಲೂ ಬಾಲ ಬೆಳೆಯುತ್ತಲೇ ಇದೆ. ಜಗತ್ತಿನಲ್ಲಿ ಈಗ ಸುಮಾರು 78 ಚರ್ಮಗಳು, 75ರಷ್ಟು ಮೊಟ್ಟೆಗಳು ಉಳಿದಿವೆ. 1971ರಲ್ಲಿ ಲಂಡನ್ನಿನ ಹರಾಜಿಗೆ ಒಂದು ಹಕ್ಕಿ ಬಂದಾಗ ಐಸ್‌ಲ್ಯಾಂಡಿನ ಜನ ಚಂದಾ ಎತ್ತಿ 9,000 ಪೌಂಡಿಗೆ ಕೊಂಡು ಊರಿಗೆ ತಂದರು. ಎಲ್ಡೇಯ ಆ ಜೋಡಿಯ ಒಳಗಿನ ಅಂಗಾಂಗಗಳು, ಕಣ್ಣುಗಳು ಸಹಿತ, ಕೋಪನ್‌ಹೇಗನ್ ಮ್ಯೂಸಿಯಮ್ಮಿನ ಸೀಸೆಗಳಲ್ಲಿವೆ. ಚರ್ಮ ಎಲ್ಲಿಗೆ ಹೋಯಿತೆಂಬುದು ಬಹಳ ಕಾಲ ಒಗಟಾಗಿತ್ತು. 2017ರಲ್ಲಿ ಡಿಎನ್‌ಎ ತಾಳೆ ಹಾಕಿ ನೋಡಿದಾಗ ಗಂಡಿನದ್ದು ಬ್ರಸೆಲ್ಸ್ ಮ್ಯೂಸಿಯಮ್ಮಿನಲ್ಲಿ ನಿಂತಿರುವುದೇ ಅಂತ ಗೊತ್ತಾಯಿತು. ಬರ್ಲಿನ್ನಿನ ತೊರಕೆಗೆ ಆ ಥರ ತಾಳೆ ಹಾಕಿ ನೋಡಲು ಇನ್ನೊಂದು ತೊರಕೆ ಇಲ್ಲ.